ಶಿಫಾರಸಿಲ್ಲದೆ ಇಳಿಯುವ ಪೆಟ್ರೋಲು

ದೆಹಲಿಯಲ್ಲಿ ಹಳೇ ಯೆಜ್ಡಿ ಬೈಕು ಇಟ್ಟುಕೊಂಡಿರುವ ಕನ್ನಡಿಗನಿಗೆ ಊರಿನ ಹುಚ್ಚು ಜಾಸ್ತಿ, ಇಲ್ಲವೇ ಮನೆಯವರಿಗೆ ತಾಳ್ಮೆ ಜಾಸ್ತಿ. ಮೈಸೂರಿನ ಯಾದವಗಿರಿಯಲ್ಲಿ 1961ರಿಂದ ಗಾಡಿ ಮಾಡುತ್ತಿದ್ದ, ಯೆಜ್ಡಿಯನ್ನು ಹೆತ್ತ ಐಡಿಯಲ್ ಜಾವಾ 1996ರಲ್ಲಿ ಬಾಗಿಲು ಹಾಕಿತು. ಹಾಗಾಗಿ ಅದರ ಕೊನೆಯ ಕೂಸಿಗೂ ಈಗ ಮೂವತ್ತರ ಆಸುಪಾಸು. ದೆಹಲಿ ಸುತ್ತಮುತ್ತ ಪೆಟ್ರೋಲ್ ಗಾಡಿಗೆ ಕಟ್ಟಿಕೊಟ್ಟ ಆಯುಸ್ಸು 15 ವರ್ಷ. ವಿಂಟೇಜ್ ಅನ್ನಿಸಿಕೊಳ್ಳಬೇಕಾದರೆ, 2021ರ ಕೇಂದ್ರದ ನಿಯಮದಂತೆ, 50 ದಾಟಿರಬೇಕು. 1978ರಲ್ಲಿ ಬಂದ ಯೆಜ್ಡಿ ರೋಡ್‌ಕಿಂಗ್ ಓಡಾಡಲು ಮುದುಕ, ಆರತಿ ಎತ್ತಿಸಿಕೊಳ್ಳಲು ಇನ್ನೂ ಹುಡುಗ!

ಆರ್.ಕೆ. ಪುರದ ನಮ್ಮ ರಾಯರ ಹತ್ತಿರ ಇಂಥದ್ದೊಂದು ಇದೆ. ಕಾಲೊನಿಯ ಗೇಟು ದಾಟುವುದಿಲ್ಲ, ಆದರೆ ಭಾನುವಾರ ಹೊಗೆಯಾಡಲೇಬೇಕು. ಟ್ಯಾಂಕಿಗೆ ಬಣ್ಣ ಹೊಡೆಸಲು ಬಿಚ್ಚಿದರು. ಬಣ್ಣವಾಗಿ ಬಂತು. ಯಾವ ಪೈಪು ಎಲ್ಲಿಗೆ ಎಂಬುದು ಮಾತ್ರ ಬಣ್ಣದ ಜೊತೆಗೆ ಬರಲಿಲ್ಲ.

ಇರುವುದೆಷ್ಟು ಮಹಾ! ಟ್ಯಾಂಕಿನ ಅಡಿಯ ಪೆಟ್ರೋಲ್ ಕಾಕ್‌ನಿಂದ ಕಾರ್ಬೊರೇಟರಿಗೆ ಒಂದು ಪೈಪು, ಕಾರ್ಬೊರೇಟರಿನಿಂದ ಗಾಳಿಗೆ, ಹೆಚ್ಚಾದ ಪೆಟ್ರೋಲಿಗೆ ಅಂತ ಸುಮ್ಮನೆ ಜೋತುಬಿದ್ದ ಒಂದೆರಡು. ಆದರೆ ಸಲಹೆಗಾರರು ಪೈಪಿಗಿಂತ ಹೆಚ್ಚು. ನೋಯ್ಡಾದಲ್ಲಿ ಸಾಫ್ಟ್‌ವೇರ್ ಬರೆಯುವ ಪಕ್ಕದ ಮನೆಯ ಹುಡುಗನಿಗೆ ಆ ಜೋತುಬಿದ್ದ ತುದಿಗಳನ್ನು ಕಂಡು ಸಂಕಟ. “ಅಂಕಲ್, ಇದನ್ನೂ ಎಲ್ಲಾದ್ರೂ ಜೋಡಿಸ್ಬೇಕಲ್ವಾ?” ವಯಸ್ಸಿಗೆ ಬಂದ ಹುಡುಗಿಗೆ ಗಂಡು ಹುಡುಕುವವರಂತೆ ಗಾಡಿಯ ಸುತ್ತ ತೂತು ಹುಡುಕಿದ. ಬೇಡ ಮಾರಾಯ! ಅವು ಚೈನಿಗೂ ಬಿಸಿ ಸೈಲೆನ್ಸರಿಗೂ ತಾಗದಂತೆ ಕೆಳಗೆ ಇಳಿದಿದ್ದರೆ ಸಾಕು. ಗಾಳಿಯ ಪೈಪಿನ ಬಾಯಿ ಕಟ್ಟಿದರೆ ಪೆಟ್ರೋಲೂ ಮುಷ್ಕರ ಹೂಡುತ್ತದೆ.

ಮುಖ್ಯ ಪೈಪಿನದು ಇನ್ನೂ ಸರಳ ಸ್ವಭಾವ. ಇಂಥ ಹಳೇ ಗಾಡಿಯಲ್ಲಿ ಪಂಪಿಲ್ಲ. ಟ್ಯಾಂಕು ಮೇಲೆ, ಕಾರ್ಬೊರೇಟರು ಕೆಳಗೆ. ಪೆಟ್ರೋಲು ತನ್ನ ಭಾರಕ್ಕೆ ತಾನೇ ಇಳಿಯುತ್ತದೆ. ದೆಹಲಿಯಲ್ಲಿ ಯಾರ ಶಿಫಾರಸೂ ಇಲ್ಲದೆ ಮೇಲಿನಿಂದ ಕೆಳಕ್ಕೆ ಬರುವುದು ಇದೊಂದೇ ಇರಬೇಕು. ಪೈಪನ್ನು ಧಾರಾಳವಾಗಿ ಬಿಟ್ಟು ಮೇಲಕ್ಕೊಮ್ಮೆ ಬಳಸಿದಿರೋ, ಆ ಗೂನಿನಲ್ಲಿ ಗಾಳಿ ಕೂತುಬಿಡುತ್ತದೆ. ಜಿಪುಣತನದಿಂದ ಕತ್ತರಿಸಿದಿರೋ, ಎಳೆತಕ್ಕೆ ಕಳಚಿಕೊಳ್ಳುತ್ತದೆ. ಟ್ಯಾಂಕಿನ ಅಡಿ ಸಿಕ್ಕಿ ಮಡಿಸಿಕೊಂಡರಂತೂ ಕಿಕ್ ಹೊಡೆದು ಮೊಣಕಾಲಿಗೆ ಎಣ್ಣೆ ಹಚ್ಚಬೇಕಷ್ಟೆ.

ರಾಯರ ಗಾಡಿ ಜೋಡಣೆಯಾಗಿ ಎದ್ದಿತು. ಎರಡು ಸುತ್ತು ಹೊಡೆದು ಸತ್ತಿತು. ಟ್ಯಾಂಕಿನ ಮುಚ್ಚಳ ತೆಗೆದರೆ ಉಸ್ಸೆಂದಿತು. ಹಾಕಿದರೆ ಮತ್ತೆ ಅದೇ ಕಥೆ. ಪೈಪನ್ನೆಲ್ಲ ಮತ್ತೆ ಬಿಚ್ಚಲು ಸಭೆ ತೀರ್ಮಾನಿಸಿತ್ತು, ಅಷ್ಟರಲ್ಲಿ ಯಾರೋ ಮುಚ್ಚಳದ ಸೂಜಿತೂತು ನೋಡಿದರು. ಬಣ್ಣದವನು ಅದಕ್ಕೂ ಒಂದು ಕೋಟು ಹೊಡೆದು ಪುಣ್ಯ ಕಟ್ಟಿಕೊಂಡಿದ್ದ! ಗಾಳಿ ಒಳಗೆ ಹೋಗದೆ ಪೆಟ್ರೋಲು ಹೊರಗೆ ಬಾರದು.

ಹೊಸ ಪೈಪಿಗೆ ಕರೋಲ್ ಬಾಗ್‌ನ ನಾಯಿವಾಲಾ ಗಲ್ಲಿಗೆ ಹೋದರೆ ಪಾರದರ್ಶಕ ಪೈಪು ತೋರಿಸುತ್ತಾರೆ. ಪೆಟ್ರೋಲು ಇಳಿಯುವುದು ಕಾಣುತ್ತದೆ, ಚೆಂದವೇ. ಆದರೆ ಆ ಪೈಪು ದೆಹಲಿಯ ಜೂನ್ ಬಿಸಿಲಿಗೆ ಹಳದಿಯಾಗಿ ಕಡ್ಡಿಯಂತಾಗುತ್ತದೆ. 20% ಎಥನಾಲ್ ಬೆರೆತ ಈಗಿನ ಪೆಟ್ರೋಲು ಹಳೇ ರಬ್ಬರಿಗೂ ಒಳ್ಳೆಯದಲ್ಲ. ಎಥನಾಲ್ ತಡೆಯುವ ಪೈಪನ್ನೇ ಕೇಳಿ ಪಡೆಯಿರಿ, ಎರಡೂ ತುದಿಗೆ ಕ್ಲಿಪ್ ಹಾಕಿಸಿ.

ಪೈಪಿದ್ದರೆ ಸಾಲದು, ಪೆಟ್ರೋಲೂ ಸಿಗಬೇಕಲ್ಲ! 2025ರ ಜುಲೈ 1ರಿಂದ ದೆಹಲಿಯ ಬಂಕುಗಳಲ್ಲಿ ವಯಸ್ಸಾದ ಗಾಡಿಗಳಿಗೆ ಪೆಟ್ರೋಲೇ ಇಲ್ಲ ಎಂದಿದ್ದರು. ಗದ್ದಲವಾಗಿ ಕೆಲವೇ ದಿನಗಳಲ್ಲಿ ತಡೆಹಿಡಿದರು. ರಾಯರು ಆಗ ಗಾಡಿಯ ಪೈಪು ಬಿಟ್ಟು ಸರ್ಕಾರದ ಪೈಪಿನ ಚಿಂತೆ ಮಾಡಿದ್ದರು.

ನೀವು ಟ್ಯಾಂಕು ಬಿಚ್ಚುವುದಾದರೆ ಮೊದಲು ಮೊಬೈಲಿನಲ್ಲಿ ಎರಡೂ ಕಡೆಯಿಂದ ಫೋಟೊ ತೆಗೆದಿಟ್ಟುಕೊಳ್ಳಿ. ಅದರಲ್ಲಿ ನಿಮ್ಮ ಮುಖ ಬೇಡ, ಪೈಪು ಕಾಣಲಿ.