ಹೊಳಿಗೂ ಬಡ್ತಿ

(ದಾಂಡೇಲಿ, ಕಾಳಿ ನದಿ ದಂಡೆ. ಸಾಹೇಬರ ಕಂಕುಳಲ್ಲಿ ಫೈಲು, ಅಜ್ಜಿಯ ಕಂಕುಳಲ್ಲಿ ಕೊಡ.)

ಸಾಹೇಬ: ಆಯಿ, ಸಿಹಿ ಸುದ್ದಿ! ಇಲ್ಲಿ ಕಾಳಿಗೆ ಮ್ಯಾಲಿನ ದರ್ಜೆ ಕೊಡಬೇಕಂತ ಬರದೀನಿ.

ಅಜ್ಜಿ: ಹೊಳಿಗೂ ಬಡ್ತಿ ಐತೇನ್ರಿ?

ಸಾಹೇಬ: ಹೊಳಿ ನೀರಿಗೆ ಐದು ದರ್ಜೆ ಅದಾವ. ‘ಎ’ ಅಂದ್ರ ಬರೇ ಕ್ಲೋರಿನ್ ಹಾಕಿ ಕುಡೀಬಹುದು. ‘ಬಿ’ ಜಳಕಕ್ಕ. ‘ಸಿ’ ಸೋಸಿ, ಶುದ್ಧ ಮಾಡಿ ಕುಡಿಯಾಕ. ‘ಡಿ’ ಮೀನು, ಕಾಡುಪ್ರಾಣಿಗೆ.

ಅಜ್ಜಿ: ಅಂದ್ರ ನಮ್ಮ ಮೊಸಳಿಗೆ. ಅವು ಅರ್ಜಿ ಕೊಡದs ಪಾಸಾಗ್ಯಾವ. ‘ಇ’ ಯಾರಿಗ್ರಿ?

ಸಾಹೇಬ: ಹೊಲಕ್ಕ, ಕಾರ್ಖಾನಿ ತಂಪು ಮಾಡಾಕ, ಮತ್ತ... ಹತೋಟಿಯೊಳಗ ತ್ಯಾಜ್ಯ ಬಿಡಾಕ.

ಅಜ್ಜಿ: ಹತೋಟಿ ಯಾರ ಕೈಯಾಗೈತಿ?

ಸಾಹೇಬ: (ಫೈಲು ತಿರುವುತ್ತಾ) ಅದು ಬ್ಯಾರೆ ವಿಭಾಗ.

ಅಜ್ಜಿ: ಜೋಯಿಡಾದ ಡಿಗ್ಗಿಯೊಳಗ ಹುಟ್ಟಿದಾಕಿ ಚೊಲೋನ ಇದ್ದಳಲ್ರಿ?

ಸಾಹೇಬ: ಖರೆ. ಆದ್ರ 2018ರಾಗ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಮಾಡಿದ ಮಲಿನ ನದಿಭಾಗದ ಪಟ್ಟಿಯೊಳಗ ರಾಜ್ಯದ್ದು 17. ಕಾಳಿನೂ ಅದರಾಗ ಬಂದಾಳ.

ಅಜ್ಜಿ: ಪಟ್ಟಿಯೊಳಗ ಹೆಸರು ಬಂದ್ರ ನಮಗ ಅಕ್ಕಿಯರೆ ಸಿಗತೈತಿ. ಆಕಿಗೇನ ಸಿಕ್ತು?

ಸಾಹೇಬ: ಕ್ರಿಯಾಯೋಜನೆ! ಈಗ ‘ಎ’ ಬರದೀವಿ ಅಂದ್ರ ಮುಗೀತು.

ಅಜ್ಜಿ: ಬರದ್ರ ನೀರು ತಿಳಿ ಆಗತೈತೇನು?

ಸಾಹೇಬ: ಹಂಗಲ್ಲ. ‘ಎ’ಗೆ ಬಿಒಡಿ, ಅಂದ್ರ ನೀರಾಗಿನ ಹೊಲಸು ಕೊಳೆಯಾಕ ಬೇಕಾಗೂ ಆಮ್ಲಜನಕ, ಲೀಟರಿಗೆ 2 ಮಿಲಿಗ್ರಾಂ ದಾಟಬಾರದು. 100 ಮಿ.ಲೀ. ನೀರಾಗ ಕೋಲಿಫಾರ್ಮ್ ಬ್ಯಾಕ್ಟೀರಿಯಾ 50ರ ಒಳಗಿರಬೇಕು.

ಅಜ್ಜಿ: ಅಷ್ಟು ಇಳಿಸೂದು ಯಾವಾಗ?

ಸಾಹೇಬ: ಮೊದಲು ದರ್ಜೆ ಏರಲಿ, ಆಮ್ಯಾಲೆ ನೋಡೂಣು.

ಅಜ್ಜಿ: ಉಲ್ಟಾ ಮಾಡ್ರಿ ಸಾಹೇಬ್ರ. ಹೊಲಸು ಬಿಡೂ ಪೈಪು, ಗಟಾರ ಮೊದಲು ಬಂದ್ ಮಾಡಸ್ರಿ. ದರ್ಜೆ ಆಮ್ಯಾಲೆ ಬರೀರಿ. ನಾವು ಕುಡಿಯೂದು ನೀರು, ನಿಮ್ಮ ಫೈಲಲ್ಲ.