ಆರು ಫೂಟಿನ ಹಲಗಿ ಮ್ಯಾಲೆ ನಮ್ಮೂರ ಸ್ಟೇಷನ್

"ಏನೋ ತಮ್ಮಾ ಅದು, ಹುಡುಗ್ರ ಆಟಗಿ ರೈಲೇನು?" ಅಂತ ಕಾಂಪೌಂಡ್ ಆಚಿಂದ ಕೇಳಿದ್ರಲ್ಲ ಕಾಕಾ, ಅದಕ್ಕ ಒಂದ ಮಾತಿನಾಗ ಉತ್ತರ ಕೊಡಾಕ ಬರೂದಿಲ್ಲ. ಗಿಡಕ್ಕ ನೀರು ಬಿಡೂದು ಮುಗದಿದ್ರ ಅಲ್ಲೇ ಕಟ್ಟಿ ಮ್ಯಾಲೆ ಕುಂದರ್ರಿ, ಹೇಳ್ತೀನಿ.

ಆಟಗಿ ಅಂದ್ರೂ ನನಗ ಬ್ಯಾಸರಿಲ್ಲ. ಆದ್ರ ಜಾತ್ರ್ಯಾಗ ಸಿಗೂ ರೈಲಿಗೆ ಅಳತಿ ಇರೂದಿಲ್ಲ. ಡಬ್ಬಿ ಗಿಡ್ಡ, ಗಾಲಿ ದಪ್ಪ, ಡ್ರೈವರ್ ತಲಿ ಕಿಟಕಿಗಿಂತ ದೊಡ್ಡದು. ಇದಕ್ಕ ಅಳತಿ ಐತಿ. ಖರೇವಂದ್ರಾಗ 87 ಮೀಟರ್ ಇದ್ದದ್ದು ಇಲ್ಲಿ 1 ಮೀಟರ್. ಈ ಅಳತಿಗೆ ಎಚ್‌ಓ ಅಂತಾರ. ಬಾಗಲಾ, ಕಿಟಕಿ, ಗಾಲಿ, ಸ್ಟೇಷನ್ನಿನ ಹಳದಿ ಬೋರ್ಡು, ಪ್ಲಾಟ್‌ಫಾರ್ಮಿನಾಗ ಗಂಟು ಇಟ್ಕೊಂಡು ಕುಂತ ಮುದುಕಿ, ಎಲ್ಲಾ ಅದ ಲೆಕ್ಕಕ್ಕ ಬರಬೇಕು. ಹಳೇ ನಮೂನಿ ನೀಲಿ ಬೋಗಿ ಐತಲ್ಲ, ಐಸಿಎಫ್ ಬೋಗಿ, ಅದರ ಉದ್ದ 21.3 ಮೀಟರ್. ಈ ಹಲಗಿ ಮ್ಯಾಲೆ ಅದು ಇಪ್ಪತ್ನಾಕೂವರಿ ಸೆಂಟಿಮೀಟರ್ ಆಗ್ತೈತಿ. ಐದೂವರಿ ಫೂಟಿನ ಮನಷ್ಯಾ 19 ಮಿಲಿಮೀಟರ್.

ಇನ್ನೊಂದು ಸಂಗತಿ ಕೇಳ್ರಿ. ನಮ್ಮ ದೇಶದ ದೊಡ್ಡ ರೈಲಿನ ಹಳಿ ಅಗಲಾನೂ ಐದೂವರಿ ಫೂಟೇ, ಅಂದ್ರ 1676 ಮಿಲಿಮೀಟರ್. 87ರಿಂದ ಭಾಗಿಸಿದ್ರ ಹಳಿ ನಡುವ 19.3 ಮಿಲಿಮೀಟರ್ ಬರಬೇಕು. ಪ್ಯಾಟ್ಯಾಗ ಸಿಗೂ ಎಚ್‌ಓ ಹಳಿ ಅಗಲ ಮಾತ್ರ 16.5. ಯಾಕಂದ್ರ ಅದು ಯುರೋಪ್, ಅಮೆರಿಕದಾಗಿನ 1435 ಮಿಲಿಮೀಟರ್ ಹಳಿ ಲೆಕ್ಕ. ನಮ್ಮ ಬ್ರಾಡ್‌ಗೇಜಿಗೆ ಆಗೂವಂಥ ತಯಾರ ಹಳಿ ಅಂಗಡ್ಯಾಗ ಸಿಗೂದ ಇಲ್ಲ.

"ಹಂಗಾರ ನಿನ್ನ ರೈಲು ಸಣ್ಣ ಹಳಿ ಮ್ಯಾಲೆ ಓಡ್ತೈತೇನು?" ಅಂದ್ರಿ. ಬರೋಬ್ಬರಿ ಹಿಡದ್ರಿ ಕಾಕಾ. ಭಾರತದ ರೈಲು ಮಾಡೂ ಹವ್ಯಾಸಿಗಳೆಲ್ಲಾರಿಗೂ ಇದ ದೊಡ್ಡ ತ್ರಾಸು. ಪಟ್ಟು ಹಿಡದವರು ಒಂದೊಂದ ಸ್ಲೀಪರ್ ಕತ್ತರಿಸಿ, ಹಳಿ ತಾವ ಬೆಸುಗಿ ಹಾಕಿ, ಗಾಲಿ ಅಚ್ಚೂ ಬದಲಿ ಮಾಡಿ 19.3ಕ್ಕ ತರ್ತಾರ. ಅವರಿಗೆ ನಾನು ಕೈ ಮುಗೀತೀನಿ. ನಾನು 16.5 ಹಳೀನ ಇಟ್ಕೊಂಡೀನಿ. ಆದ್ರ ಕಟಿಗಿ ನಮೂನಿ ಸ್ಲೀಪರ್ ತಗದು ನಮ್ಮ ಕಾಂಕ್ರೀಟ್ ಸ್ಲೀಪರ್ ಅಳತಿಗೆ ಬ್ಯಾರೆ ಮಾಡೀನಿ. ಖರೇವಂದ್ರಾಗ ಅದರ ಉದ್ದ 2.75 ಮೀಟರ್, ಇಲ್ಲಿ 31-32 ಮಿಲಿಮೀಟರ್. ಒಂದ ಕಿಲೋಮೀಟರಿಗೆ 1660 ಸ್ಲೀಪರ್ ಅಂತ ಹಿಡದ್ರ ಒಂದರಿಂದ ಒಂದಕ್ಕ 60 ಸೆಂಟಿಮೀಟರ್ ದೂರ ಬೀಳ್ತೈತಿ, ಇಲ್ಲಿ ಅದು 7 ಮಿಲಿಮೀಟರ್. ನೋಡೂ ಕಣ್ಣು ಹಳಿ ಅಗಲ ಅಳಿಯೂದಿಲ್ಲ ಕಾಕಾ. ಬೂದಿ ಬಣ್ಣದ ಸ್ಲೀಪರ್ ಸಾಲು ಕಂಡ್ರ "ಇದು ನಮ್ಮ ಲೈನು" ಅಂತ ಗುರ್ತು ಹಿಡೀತೈತಿ.

ಇದಕ್ಕಿಂತ ಬಿರುಸು ತಿರುವಿಂದು. ನಮ್ಮ ಬ್ರಾಡ್‌ಗೇಜಿನಾಗ 10 ಡಿಗ್ರಿಗಿಂತ ಹೆಚ್ಚಿನ ತಿರುವು ಇರಬಾರದು. 10 ಡಿಗ್ರಿ ಅಂದ್ರ 175 ಮೀಟರ್ ತ್ರಿಜ್ಯ. ಅದನ್ನ ಅಳತಿಗೆ ಇಳಿಸಿದ್ರೂ 2 ಮೀಟರ್ ಬೇಕು. ನನ್ನ ಹಲಗಿ ಆರು ಫೂಟು ಉದ್ದ, ನಾಕು ಫೂಟು ಅಗಲ. ಇದರಾಗ ರೈಲು ಸುತ್ತಿ ಬರಬೇಕಂದ್ರ ತಿರುವಿನ ತ್ರಿಜ್ಯ 50-55 ಸೆಂಟಿಮೀಟರ್ ದಾಟಂಗಿಲ್ಲ. ಉದ್ದನ ಬೋಗಿ ಅಷ್ಟು ಗಿಡ್ಡ ತಿರುವಿನಾಗ ಹೋಗೂವಾಗ ನಡುಭಾಗ ಒಳಗ ಬರ್ತೈತಿ, ಮೂಲಿ ಹೊರಗ ಚಾಚ್ತಾವ, ನೋಡಾಕ ಚಂದ ಕಾಣೂದಿಲ್ಲ. ಅದಕ್ಕ ತಿರುವ ಕಾಣದಂಗ ಮಾಡೂದು. ಎಡಕ್ಕ ರೈಸ್‌ಮಿಲ್ಲಿನ ಎತ್ತರದ ಶೆಡ್ಡು, ಬಲಕ್ಕ ಬೇವಿನ ಗಿಡದ ಸಾಲು. ರೈಲು ಮಿಲ್ಲಿನ ಹಿಂದಿಂದ ಬರ್ತೈತಿ, ಸ್ಟೇಷನ್ನಿನಾಗ ನಿಂದರ್ತೈತಿ, ಬೇವಿನ ಮರಿಗೆ ಹೋಗ್ತೈತಿ. ಕಾಣೂವಷ್ಟು ದೂರ ಹಳಿ ನೇರ ಇರ್ತೈತಿ. ನಮ್ಮೂರು ಸಿದ್ದಾಪುರದಾಗ ಮಿಲ್ಲು ಅಡ್ಡ ಬಂದ್ರ ಯಾರೂ ಯಾಕಂತ ಕೇಳೂದಿಲ್ಲ. ಗಂಗಾವತಿಯಿಂದ ಕಾರಟಗಿ ತನಕ ದಾರಿಗುಂಟ ಮಿಲ್ಲ ಅಲ್ಲೇನು?

"ಮತ್ತ ಇಡೀ ಸ್ಟೇಷನ್ ಹಿಡಸ್ತೈತೇನು ಇದರಾಗ?" ಹಿಡಸೂದಿಲ್ರಿ. ಒಂದ ಕಿಲೋಮೀಟರ್ ಅಂದ್ರ ಈ ಅಳತ್ಯಾಗ ಹನ್ನೊಂದೂವರಿ ಮೀಟರ್, ನಿಮ್ಮ ಮನಿ ಪಡಸಾಲಿ ದಾಟಿ ಹಿತ್ತಲಕ್ಕ ಹೋಗ್ತೈತಿ. 58 ವ್ಯಾಗನ್ನಿನ ಗೂಡ್ಸ್ ಗಾಡಿ ಮಾಡಿದ್ರ 7 ಮೀಟರ್ ದಾಟ್ತೈತಿ. ಹಂಗಂತ ಎಲ್ಲಾನೂ ಕುಗ್ಗಸಬಾರದು. ಎತ್ತರ ಕುಗ್ಗಸಬಾರದು, ಬಾಗಲಾ ಕುಗ್ಗಸಬಾರದು. ಉದ್ದ ಅಷ್ಟ ಕಡಿಮಿ ಮಾಡಬೇಕು. ಹದಿನೈದು ಬೋಗಿ ಬದಲಿ ಮೂರು, ನಾಕು ಕಂಬದ ಬದಲಿ ಎರಡು. ಪ್ಲಾಟ್‌ಫಾರ್ಮ್ ಎತ್ತರ ಹಳಿಯಿಂದ 76 ಸೆಂಟಿಮೀಟರಿನಿಂದ 84ರ ತನಕ ಇರ್ತೈತಿ, ಇಲ್ಲಿ 9 ಮಿಲಿಮೀಟರ್. ಅದೊಂದು ತಪ್ಪಿದ್ರ ಉಳಿದದ್ದೆಲ್ಲಾ ಬರೋಬ್ಬರಿ ಇದ್ರೂ ಸುಳ್ಳ ಕಾಣ್ತೈತಿ.

ಯಾಕ ನಮ್ಮೂರ ಸ್ಟೇಷನ್ನ ಅಂತೀರೇನು? ಈ ಹವ್ಯಾಸದ ಪುಸ್ತಕ ತಗದು ನೋಡ್ರಿ, ಎಲ್ಲಾ ಹಿಮದ ಗುಡ್ಡ, ಸುರಂಗ, ಚೂಪನ ಮಾಳಿಗಿ ಮನಿಗಳು. ಅದರಾಗ ತಪ್ಪೇನಿಲ್ಲ. ಜರ್ಮನಿಯ ಮಾರ್ಕ್ಲಿನ್ ಕಂಪನಿ 1891ರಾಗ ಲೈಪ್‌ಜಿಗ್ ಮೇಳದಾಗ ಜೋಡಸೂ ಹಳಿ ಮ್ಯಾಲೆ ಕೀಲಿ ಕೊಡೂ ರೈಲು ಓಡಸಿ ತೋರಸ್ತು. ಇಂಗ್ಲೆಂಡಿನ ಹಾರ್ನ್‌ಬಿ 1920ರಾಗ ಸುರು ಮಾಡಿತು. ಹ್ಯಾಂಬರ್ಗಿನಾಗ 2001ರಾಗ ತೆರೆದ ಮಿನಿಯಾಟುರ್ ವುಂಡರ್‌ಲ್ಯಾಂಡಿಗೆ ಜನ ಸಾಲು ಹಚ್ಚಿ ಹೋಗ್ತಾರ. ಅವರು ತಮ್ಮ ಊರು, ತಮ್ಮ ಗುಡ್ಡ ಮಾಡ್ಕೊಂಡ್ರು. ನಮ್ಮ ಹತ್ರನ ಪುಣೆಯೊಳಗ ಜೋಶಿಯವರು 1998ರಾಗ ತೆರೆದ ಮಿನಿಯೇಚರ್ ರೈಲ್ವೆ ಮ್ಯೂಸಿಯಂ ಐತಿ. ಆ ಕಡೆ ಹೋದ್ರ ನಿಮ್ಮ ಮೊಮ್ಮಗನ್ನ ಕರಕೊಂಡು ಹೋಗ್ರಿ. ಆದ್ರ ನೆಲ್ಲಿನ ಗದ್ದಿ ನಡುವ, ಕಾಲುವಿ ದಾಟಿ ಹೋಗೂ ರೈಲನ್ನ ಯಾರು ಮಾಡಬೇಕು? ಇಲ್ಲೇ ಇರೂ ನಾವ ಮಾಡಬೇಕು.

ಈ ಹಳಿ ನಮಗ ಪುಕ್ಕಟ ಬಂದದ್ದಲ್ಲ ಕಾಕಾ. ನೀವ ಬಲ್ಲಿರಿ. ಮುನಿರಾಬಾದ್–ಮಹಬೂಬ್‌ನಗರ ಲೈನಿಗೆ 1997-98ರಾಗ ಮಂಜೂರಿ ಸಿಕ್ತು. ಗಿಣಿಗೇರಾ ಬಿಟ್ಟು ಗಂಗಾವತಿಗೆ ಗಾಡಿ ಬರೂದ್ರಾಗ 2019 ಆತು. ಅದರ ಹಿಂದ ನಮ್ಮೂರು, ಕಾರಟಗಿ. ಸಿಂಧನೂರಿಗೆ 2024ರಾಗ. ಅಲ್ಲಿತನಕ ರೈಲು ಹತ್ತಬೇಕಂದ್ರ ಗಂಟು ಹೊತ್ಕೊಂಡು ಬಸ್ಸಿಗೆ ಕೊಪ್ಪಳಕ್ಕೋ ಹೊಸಪ್ಯಾಟಿಗೋ ಹೋಗಬೇಕಿತ್ತು. ಕೊಪ್ಪಳದಾಗೂ 1990ರ ದಶಕದ ತನಕ ಇದ್ದದ್ದು ಮೀಟರ್‌ಗೇಜ್. ಇಷ್ಟು ವರ್ಷ ದಾರಿ ನೋಡಿ ಬಂದ ಲೈನನ್ನ ಬಿಟ್ಟು ನಾನು ಸ್ವಿಟ್ಜರ್ಲೆಂಡಿನ ಗುಡ್ಡ ಮಾಡಲೇನು?

ಇನ್ನ ಸಾಮಾನು. ಇಲ್ಲಿ ನಮ್ಮ ಸೀಮಿ ಭಾಳ ಶ್ರೀಮಂತ. ಹಳಿ ಕೆಳಗಿನ ಕಡಿ 5 ಸೆಂಟಿಮೀಟರ್ ಅಂತ ಹಿಡದ್ರ ಇಲ್ಲಿ ಅದು ಅರ್ಧ ಮಿಲಿಮೀಟರಿಗಿಂತ ಚೂರು ಹೆಚ್ಚು. ಕಲ್ಲಿನ ಪುಡೀನ ಚಾ ಸೋಸೂ ಜಾಲರಿಯಾಗ ಹಿಡದ್ರ ಅಷ್ಟ ಸಣ್ಣದು ಸಿಗ್ತೈತಿ. ಹಳಿ ನಡುವ ಕುಂಚದಲೆ ಹರವಿ, ಮ್ಯಾಲೆ ನೀರು ಸಿಂಪಡಿಸಿ, ಫೆವಿಕಾಲಿಗೆ ನೀರು ಬೆರಸಿ, ಅದಕ್ಕ ಒಂದೆರಡು ಹನಿ ಪಾತ್ರಿ ತಿಕ್ಕೂ ಸೋಪಿನ ನೀರು ಹಾಕಿ, ಡ್ರಾಪರಿನಲೆ ಬಿಡೂದು. ಸೋಪು ಹಾಕದಿದ್ರ ಅಂಟು ಮ್ಯಾಲೆ ಮಣಿಯಾಗಿ ನಿಂದರ್ತೈತಿ, ಒಳಗ ಇಳಿಯೂದಿಲ್ಲ.

ನೆಲ್ಲು ಗೋಣಿಚೀಲದ ನಾರಿಂದು. ಮಾರು ಎತ್ತರದ್ದಲ್ಲ, ತೆನಿ ಬಂದ ನೆಲ್ಲು ಮೂರು ಫೂಟು, ಇಲ್ಲಿ ಒಂದ ಸೆಂಟಿಮೀಟರ್. ನಾರು ಕತ್ತರಿಸಿ, ಬಣ್ಣದಾಗ ಅದ್ದಿ, ಒಣಗಿಸಿ, ಸಾಲಿಗೆ ಊರಬೇಕು. ಯಾವ ಬಣ್ಣ ಅನ್ನೂದ್ರಾಗ ನಿಮ್ಮ ಮಾತು ಬೇಕು ಕಾಕಾ. ಕಾಲುವಿ ನೀರು ಬಿಟ್ಟು ನಾಟಿ ಮುಗಿದ ಹೊಸದ್ರಾಗ ಗದ್ದಿ ತುಂಬ ನೀರು, ಎಳಿ ಹಸರು. ಕೊಯ್ಲಿನ ಹೊತ್ತಿಗೆ ಬಂಗಾರ ಬಣ್ಣ, ಮಿಷನ್ನು, ಟ್ರ್ಯಾಕ್ಟರ್, ಚೀಲದ ರಾಶಿ. ಹಲಗಿ ಮ್ಯಾಲೆ ಎರಡೂ ಕೂಡಿ ಇಡಾಕ ಬರೂದಿಲ್ಲ, ಒಂದ ದಿನ, ಒಂದ ಹೊತ್ತು ಅಂತ ಆರಿಸ್ಕೋಬೇಕು.

"ನಾಟಿ ಇಡು ತಮ್ಮಾ. ನೀರಾಗ ರೈಲು ಕಾಣ್ತೈತಿ."

ಹೌದಲ್ರೀ! ಇದು ನನಗ ಹೊಳೆದಿದ್ದಿಲ್ಲ. ವಾರ್ನಿಶ್ ಪದರ ಮ್ಯಾಲೆ ಪದರ ಹಾಕಿದ್ರ ಗದ್ದಿ ನೀರು ಹೊಳೀತೈತಿ, ಬೋಗಿಯ ನೀಲಿ ಅದರಾಗ ಮೂಡ್ತೈತಿ. ಕಾಲುವಿ ನೀರಿಗೆ ಮಾತ್ರ ನೀಲಿ ಹಚ್ಚಬಾರದು. ತುಂಗಭದ್ರೆಯ ಹೊಸ ನೀರು ಎಡದಂಡಿ ಕಾಲುವ್ಯಾಗ ಬರೂವಾಗ ಮಣ್ಣಿನ ಬಣ್ಣ ಹೊತ್ತು ಬರ್ತೈತಿ. ಮತ್ತ ನಾಟಿ ಅಂದ ಮ್ಯಾಲೆ ಬೆಳ್ಳಕ್ಕಿ ಬೇಕು. ಖರೇ ಬೆಳ್ಳಕ್ಕಿ ಅರ್ಧ ಮೀಟರ್ ಅಂದ್ರ ಇಲ್ಲಿ 6 ಮಿಲಿಮೀಟರ್. ಸೋನಾಮಸೂರಿ ನುಚ್ಚಿನ ಒಂದ ಕಾಳು ಮೈಗೆ ಆತು, ತೆಳು ತಂತಿ ಕಾಲಿಗೆ, ಕುತ್ತಿಗಿಗೆ ಆತು. ಇರುವಿ ಎಳಕೊಂಡು ಹೋಗದಂಗ ಒಂದ ಕೈ ವಾರ್ನಿಶ್ ಹಚ್ಚಬೇಕು.

ಮನಷ್ಯಾರನ್ನ ಮಾಡೂವಾಗ ನಾನು ಕಿನ್ನಾಳದವರನ್ನ ನೆನಸ್ತೀನಿ. ಕೊಪ್ಪಳ ಹತ್ರದ ಆ ಊರಾಗ ಚಿತ್ರಗಾರರು ಹಗರ ಕಟಿಗಿಯೊಳಗ ಗೊಂಬಿ ಕೆತ್ತಿ, ಮ್ಯಾಲೆ ಕಿಟ್ಟ ಬಳೀತಾರ. ಸೆಣಬಿನ ಚಿಂದಿ ನೆನಸಿ, ಒಣಗಿಸಿ, ಪುಡಿ ಮಾಡಿ, ಕಟಿಗಿ ಹೊಟ್ಟು, ಹುಣಸಿ ಬೀಜದ ಸರಿ ಕೂಡಿಸಿ ಮಾಡಿದ ಕಿಟ್ಟ. ಆಮ್ಯಾಲೆ ಅರಿವಿ ಚೂರು, ಅದರ ಮ್ಯಾಲೆ ಕಲ್ಲಿನ ಪುಡಿ ಲೇಪ, ಕಡೀಕ ಬಣ್ಣ. ಪರದೇಶದ ಪ್ಲಾಸ್ಟಿಕ್ ಕಿಟ್ ಮಾಡೂವವರೂ ಇದ ಕ್ರಮದಾಗ ಹೋಗ್ತಾರ ನೋಡ್ರಿ: ಜೋಡಸೂದು, ಸಂದು ತುಂಬೂದು, ಉಜ್ಜೂದು, ಅಸ್ತರು, ಬಣ್ಣ. ನನ್ನ ಗುಡ್ಡದ ಬಂಡಿಗೂ ಮಿಲ್ಲಿನ ಗ್ವಾಡಿಗೂ ನಾನು ಹುಣಸಿ ಬೀಜದ ಸರೀನ ಬಳಸೀನಿ. ಥರ್ಮಾಕೋಲಿಗೆ ಸಾಲ್ವೆಂಟ್ ಇದ್ದ ಅಂಟು ಹಾಕಿದ್ರ ಕರಗಿ ಹೋಗ್ತೈತಿ, ಇದು ಹಂಗ ಮಾಡೂದಿಲ್ಲ.

ಕಿಟ್ ಅಂದ್ಕೂಡ್ಲೆ ನೆನಪಾತು. ನಿಮ್ಮ ಮೊಮ್ಮಗ ವಿಮಾನದ ಕಿಟ್ ತಂದಾನಂತಲ್ಲ? ಡಬ್ಬಿ ಮ್ಯಾಲೆ 1:72 ಅಂತ ಬರದಿರ್ತೈತಿ. ಆರು ಫೂಟು ಅಂದ್ರ 72 ಇಂಚು. ಆರು ಫೂಟಿನ ಮನಷ್ಯಾ ಒಂದ ಇಂಚು ಆಗ್ತಾನ, ಅಲ್ಲಿಂದ ಬಂದ ಅಳತಿ ಅದು. ಆ ಕಿಟ್ಟಿನ ಜೀಪೋ ಲಾರಿಯೋ ತಂದು ನನ್ನ ರೈಲಿನ ಬಾಜೂಕ ಇಟ್ರ ದೊಡ್ಡದಾಗಿ ಕಾಣ್ತೈತಿ, ಕೂಡೂದಿಲ್ಲ. ಹುಡುಗಗ ಒಂದ ಮಾತು ಹೇಳ್ರಿ: ತುಂಡು ತಿರುವಿ ಮುರಿಯಬ್ಯಾಡ, ಕಟರಿನಲೆ ಚೂರು ದೂರ ಕತ್ತರಿಸಿ ಆಮ್ಯಾಲೆ ಉಜ್ಜು. ಪ್ಲಾಸ್ಟಿಕ್ ಸಿಮೆಂಟು ಅಂಟಲ್ಲ, ಎರಡೂ ಕಡಿ ಪ್ಲಾಸ್ಟಿಕ್ ಕರಗಿಸಿ ಒಂದ ಮಾಡ್ತೈತಿ. ಹೆಚ್ಚು ಹಾಕಿದ್ರ ಕಿಟಕಿನೂ ಕರಗಿಸ್ತೈತಿ. ಆ ವಾಸನಿಗೆ ಮನಿ ಕಿಟಕಿ ತಗದು ಇಟ್ಟು ಮಾಡಬೇಕು.

"ಕರೆಂಟ್ ಹೋದ್ರ?" ಕರೆಂಟ್ ಹೋದ್ರೂ ಓಡ್ತೈತಿ ಕಾಕಾ. ಇದಕ್ಕ ಬೇಕಾದದ್ದು 12 ವೋಲ್ಟ್ ಡಿಸಿ, ಒಂದ ಹಳಿ ಪ್ಲಸ್ಸು, ಇನ್ನೊಂದು ಮೈನಸ್ಸು. ಗಾಲಿಯಿಂದ ಮೋಟಾರಿಗೆ ಹೋಗ್ತೈತಿ. ಅದಕ್ಕ ಒಂದ ಕಡಿ ಗಾಲಿ ಇನ್ನೊಂದಕ್ಕ ಕರೆಂಟ್ ಮುಟ್ಟಸದಂಗ ಅಚ್ಚಿನಾಗ ಪ್ಲಾಸ್ಟಿಕ್ ಇಟ್ಟಿರ್ತಾರ. ಬೈಕಿನ ಬ್ಯಾಟರಿ ಸಾಕು, ನಡುವ ಒಂದ ಕಂಟ್ರೋಲರ್, ಒಂದ ಆಂಪಿಯರ್ ಫ್ಯೂಸು. ಫ್ಯೂಸ್ ಬಿಡಬಾರದು, ಒಂದ ಮೊಳಿ ಹಳಿಗೆ ಅಡ್ಡ ಬಿದ್ರೂ ಬ್ಯಾಟರಿ ವೈರ್ ಸುಡ್ತೈತಿ.

ಕರೆಂಟಿಗಿಂತ ಹೆಚ್ಚು ಕಾಡೂದು ಮಿಲ್ಲಿನ ಧೂಳು. ಹೊಟ್ಟಿನ ಸಣ್ಣ ಪುಡಿ ಹಳಿ ಮ್ಯಾಲೆ ಕುಂತ್ರ ರೈಲು ತಡವರಸ್ತೈತಿ. ಓಡಸೂ ಮುಂಚೆ ಅರಿವಿಗೆ ಸ್ಪಿರಿಟ್ ಹಚ್ಚಿ ಒರಸಬೇಕು, ಕೆಲಸ ಮುಗದ ಮ್ಯಾಲೆ ಪಂಜಿ ಮುಚ್ಚಬೇಕು. ಬ್ಯಾಸಗ್ಯಾಗ ನಮ್ಮ ಬಿಸಲಿಗೆ ಹಳಿನೂ ಉದ್ದ ಆಗ್ತೈತಿ. ಮೂರು ಮೀಟರ್ ಹಳಿ 25 ಡಿಗ್ರಿ ಏರಿಕಿಗೆ ಒಂದ ಮಿಲಿಮೀಟರ್ ದಾಟಿ ಬೆಳೀತೈತಿ. ಅದಕ್ಕ ಸಂದಿನಾಗ ಜಾಗ ಬಿಟ್ಟೀನಿ.

ಎಂಜಿನ್ನಿಂದು ಇನ್ನೂ ಚಿಂತಿ. ಹುಬ್ಬಳ್ಳಿ ಶೆಡ್ಡಿನ ಡಬ್ಲ್ಯುಡಿಜಿ-4 ಬೇಕು ನನಗ, ಆ ದೊಡ್ಡ ಡೀಸಲ್. ನಮ್ಮ ದೇಶದ ಎಂಜಿನ್ ಮಾದರಿ ಮಾಡೂವವರು ಭಾಳ ಕಡಿಮಿ, ಯಾಕಂದ್ರ ಪ್ಲಾಸ್ಟಿಕ್ ಎರಕಕ್ಕ ಉಕ್ಕಿನ ಅಚ್ಚು ಕೆತ್ತಾಕ ಭಾರಿ ರೊಕ್ಕ ಬೀಳ್ತೈತಿ, ಸಾವಿರಗಟ್ಲೆ ಮಾರಿದ್ರಷ್ಟ ಹೊರಬೀಳ್ತೈತಿ. ನಮ್ಮ ಜಿಲ್ಲೆಯ ಭಾನಾಪುರದಾಗ 400 ಎಕರೆಯ ಆಟಿಕಿ ಕ್ಲಸ್ಟರಿಗೆ 2021ರಾಗ ಅಡಿಗಲ್ಲು ಹಾಕಿದ್ರು. ಅಂಥ ಅಚ್ಚಿನ ಕೆಲಸ ಗೊತ್ತಿದ್ದ ಕೈಗಳು ಇಲ್ಲೇ ತಯಾರಾದ್ರ, ಕೊಪ್ಪಳ ಜಿಲ್ಲೆಯ ಹುಡುಗಗ ಕೊಪ್ಪಳ ಜಿಲ್ಲೆಯಾಗ ಮಾಡಿದ ಬ್ರಾಡ್‌ಗೇಜ್ ಬೋಗಿ ಕಿಟ್ ಯಾಕ ಸಿಗಬಾರದು? ನನ್ನ ಆಶಾ ಅದು, ಎಲ್ಲಾರ ಮುಂದೂ ಹೇಳ್ತೀನಿ. ಅಲ್ಲಿತನಕ ನಾನು ಪ್ಲಾಸ್ಟಿಕ್ ಹಾಳಿ ಕತ್ತರಿಸಿ ಕೈಲೆ ಮಾಡಾಕತ್ತೀನಿ, ಒಳಗ ಬ್ಯಾರೆ ಎಂಜಿನ್ನಿನ ಮೋಟಾರ್ ಇಟ್ಟು.

ಕಾಕಾ, ಹಳೇ ಗೋಣಿಚೀಲ ಇದ್ರ ಒಗೀಬ್ಯಾಡ್ರಿ, ಕೊಡ್ರಿ. ನಾಟಿ ಮಾಡೂದಂತ ಗಟ್ಟಿ ಆತು. ಸಸಿ ಸಾಲಿಗೂ ಸಾಲಿಗೂ ನಡುವ ನೀವು ಎಷ್ಟು ಗೇಣು ಬಿಡ್ತಿದ್ರಿ, ಅದೊಂದು ಹೇಳ್ರಿ, ಬರಕೊಂತೀನಿ.