ಆರ್ದ್ರತಾಸಹಿಷ್ಣು ದೂರಮಸೂರ ಮೀಮಾಂಸೆ

ಶಾಸ್ತ್ರಗ್ರಂಥವನ್ನು ಆರಂಭಿಸುವ ಮುನ್ನ ಅದರ ಅಧಿಕಾರಿ ಯಾರು, ವಿಷಯ ಯಾವುದು, ಸಂಬಂಧವೇನು, ಪ್ರಯೋಜನವೇನು ಎಂಬ ನಾಲ್ಕನ್ನು, ಅಂದರೆ ಅನುಬಂಧ ಚತುಷ್ಟಯವನ್ನು, ಮೊದಲೇ ಹೇಳಿಬಿಡಬೇಕೆಂದು ಪೂರ್ವಾಚಾರ್ಯರು ವಿಧಿಸಿರುವುದರಿಂದ, ಒಳಗೆ ಕನ್ನಡಿಯಿಲ್ಲದ ಕ್ಯಾಮೆರಾಕ್ಕೆ, ಎಂದರೆ ಅಂಗಡಿಯವರು ಮಿರರ್‌ಲೆಸ್ ಎನ್ನುವ ಯಂತ್ರಕ್ಕೆ, ಮಳೆ ಮತ್ತು ಧೂಳನ್ನು ತಾಳಬಲ್ಲ ಉದ್ದನೆಯ ಜೂಮ್ ಲೆನ್ಸನ್ನು ಆರಿಸುವ ಈ ಶಾಸ್ತ್ರವೂ ಆ ಕ್ರಮವನ್ನು ಮೀರಲಾರದು. ಇಲ್ಲಿ ವಿಷಯವು ಆರ್ದ್ರತಾಸಹಿಷ್ಣು-ಪರಿವರ್ತ್ಯಸಂಗಮದೂರ-ದೂರದರ್ಶಕ-ಮಸೂರ. ಓದುಗರ ಉಸಿರಿನ ಮಿತಿಯನ್ನು ಗಮನಿಸಿ ಇನ್ನು ಮುಂದೆ ಇದನ್ನು ಮಸೂರವೆಂದಷ್ಟೇ ಕರೆಯಲಾಗುವುದು. ಹಕ್ಕಿಯನ್ನು ನೋಡುವ ಆಸೆಯುಳ್ಳವನೇ ಅಧಿಕಾರಿ ಎಂಬುದು ಪೂರ್ವಪಕ್ಷ. ಎರಡು ಲಕ್ಷ ರೂಪಾಯಿಯ ಆಸುಪಾಸಿನ ಮೊತ್ತವನ್ನು ಕಂತಿನಲ್ಲಿ ತೀರಿಸಬಲ್ಲ ಮತ್ತು ಆ ಮೊತ್ತವನ್ನು ಮನೆಯಲ್ಲಿ ಅರ್ಧದಷ್ಟೇ ಹೇಳಬಲ್ಲವನು ಅಧಿಕಾರಿ ಎಂಬುದು ಸಿದ್ಧಾಂತ. ಪ್ರಯೋಜನದ ಚರ್ಚೆ ತೊಡಕಿನದಾದ್ದರಿಂದ ಅದನ್ನು ಸದ್ಯಕ್ಕೆ ಮುಂದೂಡಲಾಗಿದೆ. ಈ ಕ್ಷೇತ್ರದ ಪಂಡಿತರೆಲ್ಲರೂ ಹಾಗೆಯೇ ಮಾಡುತ್ತಾರೆ, ಮುಂದೂಡಿದ್ದನ್ನು ಮರೆತೂ ಬಿಡುತ್ತಾರೆ.

ಸಂಬಂಧದ ವಿಚಾರದಲ್ಲಿ ನೈಯಾಯಿಕರ ನೆರವು ಬೇಕಾಗುತ್ತದೆ. ಬೇರ್ಪಡಿಸಬಹುದಾದ ಎರಡು ವಸ್ತುಗಳ ಕೂಡಿಕೆಯನ್ನು ಅವರು ಸಂಯೋಗವೆಂದೂ ಬೇರ್ಪಡಿಸಲಾಗದ ಕೂಡಿಕೆಯನ್ನು ಸಮವಾಯವೆಂದೂ ಕರೆದಿದ್ದಾರೆ. ಗುಂಡಿಯೊತ್ತಿ ತಿರುಗಿಸಿದರೆ ಮಸೂರವು ಕ್ಯಾಮೆರಾದಿಂದ ಕಳಚಿ ಕೈಗೆ ಬರುವುದರಿಂದ ಇದು ಸಂಯೋಗವೆಂದೇ ಮೇಲ್ನೋಟಕ್ಕೆ ತೋರುತ್ತದೆ. ಆದರೆ ಕ್ಯಾನನ್‌ನ ಆರ್‌ಎಫ್, ನಿಕಾನ್‌ನ ಜೆಡ್, ಸೋನಿಯ ಇ ಎಂಬ ಮೌಂಟುಗಳು, ಅಂದರೆ ಮಸೂರ ಬಂದು ಕೂರುವ ಲೋಹದ ಬಳೆಗಳು, ಒಂದರದು ಇನ್ನೊಂದಕ್ಕೆ ಹೊಂದದಂತೆ ರಚಿತವಾಗಿರುವುದರಿಂದ, ಕ್ಯಾಮೆರಾ ಕೊಂಡವನು ಅನಂತರ ಮಸೂರವನ್ನು ಆರಿಸುತ್ತಾನೆಂಬುದು ಬರಿಯ ಉಪಚಾರದ ಮಾತು. ಲೋಹದ ಮಟ್ಟಿಗೆ ಸಂಯೋಗ, ಜೇಬಿನ ಮಟ್ಟಿಗೆ ಸಮವಾಯ ಎಂದು ಶಾಸ್ತ್ರವು ನಿರ್ಣಯಿಸುತ್ತದೆ.

ಹೀಗೆ ಆಯ್ಕೆ ಮುಗಿದ ಮೇಲೆ ಆಯ್ಕೆಯ ಚರ್ಚೆ ಆರಂಭವಾಗುತ್ತದೆ. ದೂರದ ವಸ್ತುವಿನಿಂದ ಬಂದ ಕಿರಣಗಳು ಮಸೂರವನ್ನು ಹಾದು ಒಂದು ಬಿಂದುವಿನಲ್ಲಿ ಸೇರಲು ತೆಗೆದುಕೊಳ್ಳುವ ಅಂತರವೇ ಸಂಗಮದೂರ. ಇದರ ಮಿಲಿಮೀಟರು ಹೆಚ್ಚಿದಷ್ಟೂ ಹಕ್ಕಿ ದೊಡ್ಡದಾಗಿ ಕಾಣುತ್ತದೆ, ಮಸೂರವನ್ನು ಹಿಡಿದವನೂ ದೊಡ್ಡವನಾಗಿ ಕಾಣುತ್ತಾನೆ. ಕರ್ನಾಟಕದ ಕೆಲವು ಸಫಾರಿ ಕೌಂಟರುಗಳಲ್ಲಿ ಕ್ಯಾಮೆರಾ ಶುಲ್ಕವನ್ನು ಮಸೂರದ ಉದ್ದ ನೋಡಿ ವಿಧಿಸುವ ಪದ್ಧತಿಯಿರುವುದರಿಂದ, ಸಂಗಮದೂರವು ಭೌತಶಾಸ್ತ್ರದ ಪರಿಮಾಣವಾಗಿರುವಂತೆಯೇ ಕಂದಾಯಶಾಸ್ತ್ರದ ಪರಿಮಾಣವೂ ಹೌದು. 2019ರಲ್ಲಿ ಬಂದ ಸೋನಿಯ 200-600 ಮತ್ತು 2023ರಲ್ಲಿ ಬಂದ ನಿಕಾನ್‌ನ 180-600 ಎರಡೂ ಹೆಚ್ಚುಕಡಿಮೆ ಎರಡು ಕಿಲೋ ತೂಗುತ್ತವೆ. 2020ರ ಕ್ಯಾನನ್ 100-500 ಟ್ರೈಪಾಡಿಗೆ ಕೂರಿಸುವ ಕಾಲರನ್ನು ಬಿಟ್ಟು 1.4 ಕಿಲೋದಷ್ಟೇ ತೂಗಿ ಹೆಗಲಿಗೆ ಕರುಣೆ ತೋರಿದರೂ, ಉದ್ದದ ತುದಿಯಲ್ಲಿ ಅದರ ದ್ಯುತಿರಂಧ್ರ, ಅಂದರೆ ಬೆಳಕು ಒಳಬರುವ ಕಂಡಿ, ಎಫ್/7.1ರಷ್ಟು ಕಿರಿದಾಗಿ ಬೆಳಕಿನ ವಿಷಯದಲ್ಲಿ ಆ ಕರುಣೆಯನ್ನು ಹಿಂತೆಗೆದುಕೊಳ್ಳುತ್ತದೆ. ಈ ಎಫ್ ಸಂಖ್ಯೆಯ ರಹಸ್ಯ ಒಂದು ಭಾಗಾಕಾರದಲ್ಲಿ ಮುಗಿಯುತ್ತದೆ: 600ನ್ನು 6.3ರಿಂದ ಭಾಗಿಸಿದರೆ 95 ಬರುತ್ತದೆ, ಸೋನಿ ಮತ್ತು ನಿಕಾನ್ ಮಸೂರಗಳ ಮೂತಿಗೆ 95 ಮಿ.ಮೀ. ಫಿಲ್ಟರು ಬೇಕಾಗುತ್ತದೆ. ಅದೇ 600 ಮಿ.ಮೀ.ಗೆ ಎಫ್/4 ಬೇಕೆಂದರೆ ಕಂಡಿ 150 ಮಿ.ಮೀ. ಅಗಲವಾಗಬೇಕು, ಬೆಳಕು ಎರಡೂವರೆ ಪಟ್ಟು ಹೆಚ್ಚುತ್ತದೆ, ಬೆಲೆ ಹತ್ತು ಲಕ್ಷ ದಾಟುತ್ತದೆ. ಇಷ್ಟನ್ನು ಒಂದು ವಾಕ್ಯದಲ್ಲಿ ಹೇಳಿ ಎದ್ದುಹೋಗಬಹುದಾದವರು ನಲವತ್ತು ನಿಮಿಷದ ವೀಡಿಯೊ ಮಾಡಿ, ಮೊದಲ ಹತ್ತು ನಿಮಿಷ ಪೆಟ್ಟಿಗೆ ಬಿಚ್ಚುವುದನ್ನು ತೋರಿಸಿ, ಕೊನೆಗೆ ಎಲ್ಲವೂ ನಿಮ್ಮ ಅಗತ್ಯವನ್ನು ಅವಲಂಬಿಸಿದೆ ಎಂದು ಕೈತೊಳೆದುಕೊಳ್ಳುವುದೇಕೆ ಎಂಬ ಪ್ರಶ್ನೆ ಈ ಶಾಸ್ತ್ರದ ವ್ಯಾಪ್ತಿಗೆ ಬರುವುದಿಲ್ಲ. ಬಂದಿದ್ದರೆ ಭಾಷೆ ಇಷ್ಟು ಸೌಮ್ಯವಾಗಿರುತ್ತಿರಲಿಲ್ಲ.

ಯಥಾರ್ಥ ಜ್ಞಾನಕ್ಕೆ ಸಾಧನವಾದುದು ಪ್ರಮಾಣ. ಮಸೂರಶಾಸ್ತ್ರದಲ್ಲಿ ಪ್ರತ್ಯಕ್ಷ ಪ್ರಮಾಣವೆಂದರೆ ಮಸೂರವನ್ನು ಎರಡು ದಿನ ಬಾಡಿಗೆಗೆ ತಂದು ಯಾವುದಾದರೂ ಕೆರೆಯ ಏರಿಯ ಮೇಲೆ ನಿಂತು ಮಿಂಚುಳ್ಳಿಯ ಕಡೆ ತಿರುಗಿಸಿ, ಕೈ ಎಷ್ಟು ಹೊತ್ತಿಗೆ ಸೋಲುತ್ತದೆಂದು ನೋಡುವುದು. ಬೆಂಗಳೂರಿನಲ್ಲಿ ಇಂಥ ಬಾಡಿಗೆ ಸುಲಭವಾಗಿ ಸಿಗುವುದರಿಂದ ಮತ್ತು ಎರಡು ದಿನದಲ್ಲಿ ಸಂದೇಹ ತೀರಿಹೋಗುವುದರಿಂದ ಪಂಡಿತರು ಇದನ್ನು ಪ್ರಮಾಣವೆಂದೇ ಒಪ್ಪುವುದಿಲ್ಲ. ಅನುಮಾನ ಪ್ರಮಾಣವು ಎಂಟಿಎಫ್ ನಕ್ಷೆಯಲ್ಲಿ ನೆಲೆಸಿದೆ. ಸೂಕ್ಷ್ಮ ಗೆರೆಗಳ ಕಪ್ಪು-ಬಿಳುಪಿನ ಭೇದ ಚಿತ್ರದ ನಡುವಿನಿಂದ ಮೂಲೆಯವರೆಗೆ ಎಷ್ಟು ಉಳಿಯುತ್ತದೆಂಬುದನ್ನು ತೋರಿಸುವ ಈ ವಕ್ರರೇಖೆಯನ್ನು ಹಲವು ಕಂಪನಿಗಳು ತಯಾರಾದ ಮಸೂರವನ್ನು ಅಳೆದು ಬರೆಯದೆ ವಿನ್ಯಾಸದ ಲೆಕ್ಕದಿಂದಲೇ ಬರೆಯುವುದರಿಂದ, ಕೊಳ್ಳುವವನ ಅನುಮಾನವು ಕಂಪನಿಯ ಅನುಮಾನದ ಮೇಲೆ ನಿಂತಿರುತ್ತದೆ. ಇಟ್ಟಿಗೆ ಗೋಡೆಯ ಎರಡು ಚಿತ್ರಗಳನ್ನು ಪರದೆಯ ಮೇಲೆ ನಾಲ್ಕು ಪಟ್ಟು ಹಿಗ್ಗಿಸಿ ಎಡಮೂಲೆಯ ಇಟ್ಟಿಗೆಯನ್ನು ಹೋಲಿಸುವುದು ಉಪಮಾನ. ಹಕ್ಕಿ ಎಂದೂ ಚಿತ್ರದ ಎಡಮೂಲೆಯಲ್ಲಿ ಕೂರುವುದಿಲ್ಲವೆಂಬ ಆಕ್ಷೇಪಕ್ಕೆ ಉಪಮಾನವಾದಿಗಳು ಇದುವರೆಗೆ ಉತ್ತರಿಸಿಲ್ಲ. ಆಪ್ತನ ಮಾತು ಶಬ್ದಪ್ರಮಾಣವಾಗಿದ್ದು, ಇಲ್ಲಿ ಆಪ್ತನೆಂದರೆ ಮಸೂರವನ್ನು ಕಂಪನಿಯಿಂದಲೇ ಕೈಗಡ ಪಡೆದವನು. ಉಳಿದ ಎರಡು ಪ್ರಮಾಣಗಳಾದ ಅರ್ಥಾಪತ್ತಿ, ಅನುಪಲಬ್ಧಿಗಳಲ್ಲಿ ಮೊದಲನೆಯದನ್ನು ಬಿಟ್ಟರೂ ನಷ್ಟವಿಲ್ಲ. ಅನುಪಲಬ್ಧಿ, ಅಂದರೆ ವಸ್ತುವಿನ ಅಭಾವವನ್ನು ಅದರ ಕಾಣದಿರುವಿಕೆಯಿಂದಲೇ ಅರಿಯುವುದು, ಅಂಗಡಿಯವನು ಸ್ಟಾಕ್ ಇಲ್ಲವೆಂದಾಗ ಸ್ವತಃಸಿದ್ಧವಾಗುತ್ತದೆ.

ಇನ್ನು ಆರ್ದ್ರತಾಸಹಿಷ್ಣುತೆ. ವೆದರ್ ಸೀಲಿಂಗ್ ಎಂಬ ಹೆಸರಿನಲ್ಲಿ ಮಾರಾಟವಾಗುವ ಈ ಗುಣದ ದ್ರವ್ಯರೂಪವು ಮೌಂಟಿನ ಸುತ್ತಲಿನ ರಬ್ಬರಿನ ಉಂಗುರ, ಜೂಮ್ ಮತ್ತು ಫೋಕಸ್ ಬಳೆಗಳ ಅಡಿಯಲ್ಲೂ ಗುಂಡಿಗಳ ಸಂದಿಯಲ್ಲೂ ಇರುವ ಸೀಲುಗಳು, ಮುಂದಿನ ಗಾಜಿನಿಂದ ನೀರು ಜಾರಿಹೋಗಲೆಂದು ಬಳಿದ ಫ್ಲೋರಿನ್ ಲೇಪ, ಇಷ್ಟೇ. ಎಷ್ಟು ಮಳೆಯನ್ನು ಇದು ತಾಳುತ್ತದೆಂದು ಕೇಳಿದರೆ ಬಹುತೇಕ ಕಂಪನಿಗಳು ಸಂಖ್ಯೆ ಹೇಳುವುದಿಲ್ಲ; ಧೂಳು ಮತ್ತು ತೇವವನ್ನು ತಡೆಯುವಂತೆ ರೂಪಿಸಲಾಗಿದೆಯೆಂದು ದೊಡ್ಡ ಅಕ್ಷರದಲ್ಲೂ, ಪೂರ್ತಿ ತಡೆಯುವ ಭರವಸೆಯಿಲ್ಲವೆಂದು ಸಣ್ಣ ಅಕ್ಷರದಲ್ಲೂ ಮುದ್ರಿಸಿ ದ್ವೈತ ಅದ್ವೈತಗಳೆರಡನ್ನೂ ಒಂದೇ ಪುಟದಲ್ಲಿ ಸ್ಥಾಪಿಸುತ್ತವೆ. ಸಂಖ್ಯೆ ಹೇಳುವ ಧೈರ್ಯ ಮಾಡಿರುವ ಕೆಲವರಲ್ಲಿ ಓಎಂ ಸಿಸ್ಟಮ್ ಒಂದು. ಅದರ ಓಎಂ-1 ಕ್ಯಾಮೆರಾಕ್ಕೆ ಐಪಿ53 ಎಂಬ, ಕೆಲವು ಉದ್ದ ಮಸೂರಗಳಿಗೆ ಐಪಿಎಕ್ಸ್1 ಎಂಬ ದರ್ಜೆಯಿದೆ. ಐಇಸಿ 60529 ಎಂಬ ಅಂತರರಾಷ್ಟ್ರೀಯ ಮಾನದಂಡದ ಈ ಬರಹದಲ್ಲಿ ಮೊದಲ ಅಂಕಿ ಧೂಳಿಗೆ, ಎರಡನೆಯದು ನೀರಿಗೆ ಸಂಬಂಧಿಸಿದ್ದು, ಎಕ್ಸ್ ಎಂದರೆ ಧೂಳಿನ ದರ್ಜೆಯನ್ನು ಹೇಳಿಲ್ಲವೆಂದು ಅರ್ಥ. ನೀರಿನ 1ನೆಯ ದರ್ಜೆಯ ಪರೀಕ್ಷೆಯಲ್ಲಿ ನಿಮಿಷಕ್ಕೆ ಒಂದು ಮಿಲಿಮೀಟರಿನಂತೆ ಹತ್ತು ನಿಮಿಷ ನೇರವಾಗಿ ಮೇಲಿನಿಂದ ಹನಿ ಬೀಳಿಸುತ್ತಾರೆ. ಗಂಟೆಗೆ ಅರವತ್ತು ಮಿಲಿಮೀಟರಿನ ಈ ಮಳೆ ಹಗುರವಾದದ್ದೇನಲ್ಲ, ಆದರೆ ಅದು ನೆಟ್ಟಗೆ ಸುರಿದು ಹತ್ತು ನಿಮಿಷಕ್ಕೆ ನಿಲ್ಲುವಂಥ ಶಿಸ್ತಿನ ಮಳೆ. ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಮೇಲೆ ಸುರಿಯುವ ಆಗುಂಬೆಯಲ್ಲಿ ಇಂಥ ಏಳುನೂರು ಪರೀಕ್ಷೆಗಳು ಪ್ರತಿವರ್ಷ, ಅಡ್ಡಗಾಳಿಯ ಸಮೇತ, ಹೆಚ್ಚಿನವು ಜೂನ್‌ನಿಂದ ಸೆಪ್ಟೆಂಬರಿನೊಳಗೆ ನಡೆಯುತ್ತವೆ. ನೆಟ್ಟಗೆ ಬೀಳಬೇಕೆಂಬ ನಿಯಮವನ್ನು ಅಲ್ಲಿನ ಮಳೆಗೆ ಯಾರೂ ತಿಳಿಸಿದಂತಿಲ್ಲ. ಮಲೆನಾಡಿನ ಅನುಭವಿಗಳು ಈ ಸಮಸ್ಯೆಯನ್ನು ಒಂದು ಪ್ಲಾಸ್ಟಿಕ್ ಕವರು ಮತ್ತು ಎರಡು ರಬ್ಬರ್ ಬ್ಯಾಂಡುಗಳಿಂದ ಬಗೆಹರಿಸಿಕೊಂಡಿದ್ದಾರೆ. ಈ ಪರಿಹಾರಕ್ಕೆ ಐಇಸಿ ಸಂಖ್ಯೆ ಇಲ್ಲದಿರುವುದರಿಂದ ಶಾಸ್ತ್ರವು ಅದನ್ನು ಉಲ್ಲೇಖಿಸಿ ಮುಂದೆ ಸಾಗುತ್ತದೆ.

ಮಸೂರದ ಹೊರಮೈ ಉದ್ದವಾಗುತ್ತದೆಯೋ ಇಲ್ಲವೋ ಎಂಬುದು ಇದಕ್ಕಿಂತ ಮುಖ್ಯವಾದ ಪ್ರಶ್ನೆ. ಸೋನಿ ಮತ್ತು ನಿಕಾನ್‌ನ ಮೇಲಿನ ಎರಡು ಮಸೂರಗಳಲ್ಲಿ ಜೂಮ್ ಮಾಡಿದಾಗ ಗಾಜುಗಳು ಒಳಗೇ ಸರಿಯುತ್ತವೆ. ಕ್ಯಾನನ್‌ನದು ಹೊರಕ್ಕೆ ಚಾಚಿಕೊಳ್ಳುತ್ತದೆ, ಹೀಗೆ ಚಾಚುವಾಗ ಸೈಕಲ್ ಪಂಪಿನಂತೆ ಗಾಳಿಯನ್ನು ಒಳಕ್ಕೆಳೆಯುತ್ತದೆ, ಗಾಳಿಯ ಜೊತೆಗೆ ಅಲ್ಲಿರುವುದೆಲ್ಲವನ್ನೂ. ಅದಕ್ಕೇ ನೆನೆದ ಮಸೂರದ ಚಾಚಿದ ಭಾಗವನ್ನು ಒರೆಸದೆ ಒಳಕ್ಕೆ ತಳ್ಳಬಾರದು. ಒಂದು ತುಂಡು ಹತ್ತಿಬಟ್ಟೆ ಇಲ್ಲಿ ಅರ್ಧ ಶಾಸ್ತ್ರದ ಕೆಲಸ ಮಾಡುತ್ತದೆ. ಕೊಡಗು ಮಲೆನಾಡುಗಳಲ್ಲಿ ಮಸೂರಗಳು ಸಾಯುವುದು ಬಹುಮಟ್ಟಿಗೆ ಬೂಷ್ಟಿನಿಂದ. ಅದು ಮಳೆಯಲ್ಲಿ ನಿಂತಾಗ ಬರುವುದಿಲ್ಲ, ಮನೆಗೆ ಬಂದು ತೇವದ ಚೀಲವನ್ನು ಬೀರುವಿನಲ್ಲಿಟ್ಟು ಎರಡು ತಿಂಗಳು ಮರೆತಾಗ ಗಾಜಿನ ಮೇಲೆ ಜೇಡನೆಳೆಯ ರೂಪದಲ್ಲಿ ಕಾಣಿಸಿಕೊಳ್ಳುತ್ತದೆ. ಹೊರಗಿನ ತೇವವನ್ನು ತಡೆವ ಸೀಲು ಒಳಸೇರಿದ ತೇವವನ್ನೂ ಬೇಗ ಹೊರಗೆ ಬಿಡುವುದಿಲ್ಲ. ಗಾಳಿಯ ತೇವಾಂಶವನ್ನು ಶೇ. 40ರಿಂದ 50ರ ನಡುವೆ ಇಡುವ ಪೆಟ್ಟಿಗೆಯೋ, ಅದಕ್ಕೆ ಹಣವಿಲ್ಲದಿದ್ದರೆ ಬಿಗಿಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳೋ ಸಾಕು. ಮಾರ್ಚಿನ ಮಧ್ಯಾಹ್ನ ಬಂಡೀಪುರದ ಕಾದ ನೆಲದಿಂದ ಏಳುವ ಬಿಸಿಗಾಳಿಯ ಅಲುಗಾಟಕ್ಕೆ ಮಾತ್ರ ಯಾವ ಮಸೂರದಲ್ಲೂ ಮದ್ದಿಲ್ಲ. ಆಗ ಹತ್ತು ಲಕ್ಷದ್ದೂ ಎರಡು ಲಕ್ಷದ್ದೂ ಒಂದೇ ಬಗೆಯ ಮಸುಕು ಚಿತ್ರವನ್ನು ಕೊಡುತ್ತವೆ.

ಮಸೂರಧಾರಿಗಳನ್ನು ಆರು ವರ್ಗಗಳಾಗಿ ವಿಂಗಡಿಸುವುದು ಈ ಗ್ರಂಥದ ಸಂಕಲ್ಪವಾಗಿತ್ತು. ಮೊದಲನೆಯವನು ಸಂಗೋಪಕ: ಎಲ್ಲ ಸೀಲುಗಳ ವಿವರವನ್ನೂ ಬಾಯಿಪಾಠ ಮಾಡಿ ಮಸೂರ ಕೊಂಡು, ಮೊದಲ ಹನಿ ಬಿದ್ದೊಡನೆ ಅದನ್ನು ಅಂಗಿಯೊಳಗೆ ಸೇರಿಸಿಕೊಂಡು ಮರದ ಕೆಳಗೆ ಓಡುವವನು. ಎರಡನೆಯವನು ಮತಾಂತರಿ: ಎರಡು ವರ್ಷಕ್ಕೊಮ್ಮೆ ಇದ್ದುದನ್ನೆಲ್ಲ ಅರ್ಧ ಬೆಲೆಗೆ ಮಾರಿ ಇನ್ನೊಂದು ಕಂಪನಿಯ ಮೌಂಟಿಗೆ ಹೋಗುವವನು, ಹೋದಲ್ಲಿ ಹಳೆಯದರ ನಿಂದೆಯನ್ನೇ ನಿತ್ಯಕರ್ಮವಾಗಿ ಇಟ್ಟುಕೊಂಡವನು. ಮೂರನೆಯ ವರ್ಗಕ್ಕೆ ನೀಡಪೀಡಕ, ಅಂದರೆ ಗೂಡು ಕಾಡುವವನು, ಎಂದು ಹೆಸರಿಡಲಾಗಿದೆ. ಇವನು ಗೂಡಿಗೆ ಮರೆಯಾಗಿದ್ದ ರೆಂಬೆ ಚಿತ್ರಕ್ಕೆ ಅಡ್ಡ ಬರುತ್ತದೆಂದು ಅದನ್ನು ಕತ್ತರಿಸುತ್ತಾನೆ, ಅದಕ್ಕೆ ಹಿನ್ನೆಲೆಯನ್ನು ಶುದ್ಧಗೊಳಿಸುವುದು ಎನ್ನುತ್ತಾನೆ, ರೆಕ್ಕೆ ಬಲಿಯದ ಮರಿಗಳನ್ನು ಬಿಸಿಲಿಗೂ ಕಾಗೆಗೂ ತೆರೆದಿಟ್ಟು ಕಾರು ಹತ್ತುತ್ತಾನೆ. ಮೊಬೈಲಿನಲ್ಲಿ ಹಕ್ಕಿಯ ಕೂಗು ಹಾಕಿ, ಇಲ್ಲದ ಎದುರಾಳಿಯನ್ನು ಓಡಿಸಲು ಅದು ಮರಿಗೆ ಉಣಿಸುವುದನ್ನು ಬಿಟ್ಟು ಬರುವಂತೆ ಮಾಡುತ್ತಾನೆ. ಕಬಿನಿಯಲ್ಲಿ ಒಂದು ಹುಲಿ ರಸ್ತೆ ದಾಟಬೇಕೆಂದರೆ ಜೀಪುಗಳ ಸಾಲು ಕರಗುವವರೆಗೆ ಕಾಯಬೇಕಾಗುವುದು ಇವನ ಮಸೂರಕ್ಕೆ ಕಣ್ಣು ಸಿಗಬೇಕೆಂದು; ಪ್ರಾಣಿಯ ಕಣ್ಣನ್ನು ತಾನೇ ಹುಡುಕಿ ಹಿಡಿಯುವ ಫೋಕಸ್ ಕ್ಯಾಮೆರಾದಲ್ಲಿ ಬಂದಿದೆ, ಆ ಕಣ್ಣಿನಲ್ಲಿರುವ ಗಾಬರಿಯನ್ನು ಗುರುತಿಸುವುದು ಹಿಡಿದವನಿಗೆ ಬಂದಿಲ್ಲ. ಇಂಥ ಚಿತ್ರಕ್ಕೆ ಬಹುಮಾನ ಕೊಡುವವರಿದ್ದಾರೆ, ಮೆಚ್ಚುವ ಸಾವಿರಾರು ಜನರಿದ್ದಾರೆ, ಬೊಕೆ, ಅಂದರೆ ಹಿನ್ನೆಲೆಯ ಮಸುಕು, ಎಷ್ಟು ನುಣುಪಾಗಿದೆಯೆಂದು ಚರ್ಚಿಸುವ ಪಂಡಿತರಿದ್ದಾರೆ. ಆ ಗೂಡು ಏನಾಯಿತೆಂದು ಕೇಳುವವರು ಬೇಕು. ಉಳಿದ ಮೂರು ವರ್ಗಗಳ ಲಕ್ಷಣವನ್ನು ಬರೆಯುವ ಉತ್ಸಾಹ ಶಾಸ್ತ್ರಕ್ಕೆ ಇನ್ನು ಉಳಿದಿಲ್ಲವಾದ್ದರಿಂದ ಅವು ಲುಪ್ತವಾದವೆಂದು ತಿಳಿಯತಕ್ಕದ್ದು.

ಮುಂದೂಡಿದ ಪ್ರಯೋಜನದ ಪ್ರಶ್ನೆಯನ್ನು ಇಲ್ಲಿ ಎದುರಿಸದೆ ಗತಿಯಿಲ್ಲ. ಮೂಡಿಗೆರೆಯ ತೋಟದಲ್ಲಿದ್ದುಕೊಂಡು ಹಕ್ಕಿಗಳ ಬೆನ್ನುಬಿದ್ದಿದ್ದ ಪೂರ್ಣಚಂದ್ರ ತೇಜಸ್ವಿ ತೀರಿಕೊಂಡದ್ದು 2007ರಲ್ಲಿ. ಮಿರರ್‌ಲೆಸ್ ಎಂದು ಇಂದು ಕರೆಯುವ ಬಗೆಯ ಕ್ಯಾಮೆರಾಗಳಿಗೆ ನಾಂದಿ ಹಾಡಿದ ಪ್ಯಾನಸೋನಿಕ್ ಜಿ1 ಬಂದದ್ದು 2008ರಲ್ಲಿ. ಬೆಂಗಳೂರಿನ ಟಿ.ಎನ್.ಎ. ಪೆರುಮಾಳ್, ರಾಜ್ಯದ ಹಣಕಾಸು ಸಚಿವರಾಗಿದ್ದ ಸಂಡೂರಿನ ಎಂ.ವೈ. ಘೋರ್ಪಡೆ ಇವರು ವನ್ಯಜೀವಿ ಛಾಯಾಗ್ರಾಹಕರಾಗಿ ಹೆಸರು ಮಾಡಿದ್ದು ಫಿಲ್ಮಿನಲ್ಲಿ. ಒಂದು ರೋಲಿಗೆ 36 ಚಿತ್ರ. ಸೆಕೆಂಡಿಗೆ 20 ಚಿತ್ರ ತೆಗೆಯುವ ಇಂದಿನ ಕ್ಯಾಮೆರಾ ಆ ರೋಲನ್ನು ಎರಡು ಸೆಕೆಂಡಿನೊಳಗೆ ಮುಗಿಸುತ್ತದೆ. ಬಡತನವೇ ಕಲೆಯ ತಾಯಿ ಎಂಬ ಸವಕಲು ವಾದ ಇಲ್ಲಿಯ ಉದ್ದೇಶವಲ್ಲ. ಹೊಸ ಯಂತ್ರ ಎಲ್ಲ ರೀತಿಯಿಂದಲೂ ಮೇಲು, ಘೋರ್ಪಡೆಯವರ ಕೈಗೆ ಸಿಕ್ಕಿದ್ದರೆ ಅವರು ಬೇಡವೆನ್ನುತ್ತಿದ್ದರೆಂದು ನಂಬಲು ಕಾರಣವಿಲ್ಲ. ಆದರೆ 36ರ ಮಿತಿಯಲ್ಲಿ ಒಂದನ್ನು ಒತ್ತುವ ಮುಂಚೆ ಹಕ್ಕಿ ಎಲ್ಲಿ ಕೂರುತ್ತದೆ, ಎಷ್ಟು ಹೊತ್ತಿಗೆ ಬರುತ್ತದೆ, ಯಾವುದಕ್ಕೆ ಬೆದರುತ್ತದೆ ಎಂದು ತಿಳಿಯಲೇಬೇಕಾಗಿತ್ತು, ಹಾಗೆ ತಿಳಿದವರು ಬರೆದದ್ದನ್ನು ಓದಿ ಒಂದು ತಲೆಮಾರು ಕಾಡಿಗೆ ಹೋಯಿತು. ಈಗ ಹೋಗುವವರು ಓದಿಕೊಂಡು ಬರುವುದು ಮಸೂರದ ವಿಮರ್ಶೆಯನ್ನು. ಎಂಟಿಎಫ್ ಗೆರೆಯ ಏರಿಳಿತ ಗೊತ್ತಿರುವವನಿಗೆ ಎದುರಿನ ಮರದ ಹೆಸರು ಗೊತ್ತಿರುವುದಿಲ್ಲ, ಗೊತ್ತಿಲ್ಲವೆಂಬ ಸಂಕೋಚವೂ ಇರುವುದಿಲ್ಲ. ಇದನ್ನು ಯಾವ ಪ್ರಮಾಣದಿಂದ ಸಾಧಿಸಬೇಕೋ ತಿಳಿಯದು, ಕಣ್ಣಿಗೆ ಕಾಣುತ್ತದೆ.

ಇಷ್ಟಾಗಿಯೂ ಕೊಂಡೇ ತೀರಬೇಕೆಂಬ ಅಧಿಕಾರಿಯು ತನ್ನ ಮೌಂಟಿಗೆ ಸಿಗುವುದನ್ನು ಬಾಡಿಗೆಗೆ ತಂದು, ಕೈಗೆ ಭಾರವೆನಿಸದಿದ್ದರೆ ಒಳಗೇ ಜೂಮ್ ಆಗುವುದನ್ನು, ಭಾರವೆನಿಸಿದರೆ ಹಗುರವಾದದ್ದನ್ನು ಕೊಂಡು, ಡಿಸೆಂಬರ್ ಕಳೆದ ಮೇಲೆ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ ಹೋಗತಕ್ಕದ್ದು. ಅಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಊರಿನ ನಡುವೆ, ಮನೆಗಳ ಪಕ್ಕದ ಹುಣಸೆ ಮರಗಳಲ್ಲಿ ಗೂಡು ಕಟ್ಟುತ್ತವೆ. ಮರದ ಒಡೆಯರು ಹುಣಸೆ ಫಸಲಿನ ನಷ್ಟವನ್ನು ಸಹಿಸಿಕೊಂಡೇ ಅವನ್ನು ಇರಗೊಟ್ಟಿದ್ದಾರೆ, ಗೂಡಿನಿಂದ ಬಿದ್ದ ಮರಿಗಳನ್ನು ಹೆಜ್ಜಾರ್ಲೆ ಬಳಗವೆಂಬ ಗುಂಪಿನವರು ಎತ್ತಿಕೊಂಡು ಮೀನು ತಿನ್ನಿಸಿ ಸಾಕುತ್ತಾರೆ. ಆ ಊರಿನಲ್ಲಿ 600 ಮಿಲಿಮೀಟರಿಗೆ ಹೆಚ್ಚು ಕೆಲಸವಿಲ್ಲ. ಸೋನಿಯ ಮೇಲೆ ಹೇಳಿದ ಮಸೂರವು 2.4 ಮೀಟರಿಗಿಂತ ಹತ್ತಿರದ ಯಾವುದನ್ನೂ ಸ್ಪಷ್ಟವಾಗಿ ಕಾಣಲಾರದಾದ್ದರಿಂದ, ಕಾಲ ಬಳಿಯೇ ಬಿದ್ದ ಮರಿಯ ಚಿತ್ರ ಬೇಕೆಂದರೆ ಎರಡು ಹೆಜ್ಜೆ ಹಿಂದೆ ಸರಿಯಬೇಕಾಗುತ್ತದೆ, ಆಗ ಮೀನಿನ ಬುಟ್ಟಿ ಹಿಡಿದು ಬಂದವರಿಗೆ ದಾರಿಯೂ ಬಿಟ್ಟಂತಾಗುತ್ತದೆ.